‘ಗೊತ್ತಿಲ್ಲ’ ಎನ್ನಲು ಕಲಿತ ವರ್ಷ

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರಿಗೆ ಅಪ್ಪನದೊಂದು ಖಾನಾವಳಿ ಇತ್ತು. ಎರಡು ಉದ್ದನೆಯ ಮೇಜು, ಅವುಗಳ ಪಕ್ಕ ಬೆಂಚು, ಬಾಗಿಲ ಬಳಿ ದುಡ್ಡು ಎಣಿಸುವ ಗಲ್ಲೆ, ಒಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು. ಅವ್ವ ತೀರಿಕೊಂಡ ಮೇಲೆ ಅಪ್ಪ ಅಕ್ಕನನ್ನು ಊರಲ್ಲೇ ಕೊಟ್ಟಿದ್ದ. ಅವಳು ಬೆಳಿಗ್ಗೆ ಬಂದು ಒಲೆ ಹೊತ್ತಿಸಿ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ತನ್ನ ಮನೆಗೆ ಹೋಗುತ್ತಿದ್ದಳು. ಪೇಟೆಗೆ ಶೇಂಗಾ ತಂದವರು, ಕೋರ್ಟಿಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು ಅಲ್ಲಿ ಉಣ್ಣುತ್ತಿದ್ದರು. ಹಾಗಾಗಿ ತಾಲ್ಲೂಕಿನಲ್ಲಿ ಯಾರ ಮಗ ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದ ಎಂಬ ಸುದ್ದಿ ಒಂದಲ್ಲ ಒಂದು ದಿನ ನಮ್ಮ ಮೇಜಿನ ಮೇಲೆ ಬರುತ್ತಿತ್ತು. ಯಾರೂ ಮುಚ್ಚಿಡುತ್ತಿರಲಿಲ್ಲ. “ಇಂಗ್ಲಿಷಿನ್ಯಾಗ ಹದಿನಾರು ಬಿದ್ದಾವು ನೋಡ್ರಿ ನಮ್ಮ ಹುಡುಗಗ” ಎಂದು ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳುತ್ತಲೇ ಹೇಳುತ್ತಿದ್ದರು. ಪಾಸಾದರೆ ಸಕ್ಕರೆ ಹಂಚಬೇಕು, ಫೇಲಾದರೆ ಕುಂತವರಿಂದ ಒಂದೊಂದು ಬುದ್ಧಿಮಾತು ಕೇಳಿಸಿಕೊಳ್ಳಬೇಕು. ಎರಡಕ್ಕೂ ಒಂದು ಕ್ರಮವಿತ್ತು.

ನನ್ನ ಅಂಕಕ್ಕೆ ಯಾವ ಕ್ರಮವೂ ಇರಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಯಾವ ವರ್ಷ ಎಂದು ಕೇಳಿದರೆ ಹೇಳಬಲ್ಲೆ, ಆದರೆ ಅದು ಲೆಕ್ಕ ಹಾಕಿ ಹೇಳುವ ವರ್ಷ, ನೆನಪಿನಿಂದ ಬರುವುದಲ್ಲ. ಈ ಪ್ರಸಂಗವನ್ನು ನಾನು ಸಹೋದ್ಯೋಗಿಗಳ ಮುಂದೆ, ವಿದ್ಯಾರ್ಥಿಗಳ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗಿದೆ, ನಗು ಬರುವ ಜಾಗಗಳು ಗಟ್ಟಿಯಾಗಿವೆ. ಅದಕ್ಕೇ ಈಗ ಬರೆಯಲು ಕುಳಿತಾಗ ಅನುಮಾನ. ಇದರಲ್ಲಿ ನಡೆದದ್ದೆಷ್ಟು, ನಾನು ಹೇಳುತ್ತ ಹೇಳುತ್ತ ಕಟ್ಟಿದ್ದೆಷ್ಟು?

ಕೊಟ್ಟೂರಿನಲ್ಲಿ ಕೋಣೆ ಮಾಡಿಕೊಂಡು ಬಿ.ಎಸ್ಸಿ. ಮುಗಿಸಿದ್ದೆ. ಸೆಕೆಂಡ್ ಕ್ಲಾಸು. ಗಣಿತವೊಂದನ್ನು ಬಿಟ್ಟರೆ ಬೇರೆ ಯಾವುದನ್ನೂ ಮನಸ್ಸಿಟ್ಟು ಓದಿರಲಿಲ್ಲ. ಉಳಿದ ವಿಷಯಗಳು ಗಣಿತವನ್ನೂ ಎಳೆದುಕೊಂಡು ಕೆಳಗೆ ಬಂದಿದ್ದವು. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಡಿಗ್ರಿಯ ಅಂಕದ ಮೇಲೆ ಕೊಡುತ್ತಿದ್ದರು, ನನ್ನ ಅಂಕಕ್ಕೆ ಆ ಬಾಗಿಲು ಮುಚ್ಚಿತ್ತು. ಮುಂದೆ ಓದುವುದು ಮುಗಿಯಿತು ಎಂದುಕೊಂಡಿದ್ದಾಗ ನಮಗೆ ಗಣಿತ ಕಲಿಸಿದ ಮೇಷ್ಟರು ಒಂದು ಅರ್ಜಿ ತರಿಸಿಕೊಟ್ಟರು. ಅವರು ಹಿರೇಹಡಗಲಿಯವರು, ತೆಳ್ಳಗೆ, ಮಾತಾಡುವಾಗ ಸೀಮೆಸುಣ್ಣವನ್ನು ಎರಡು ಅಂಗೈ ನಡುವೆ ಉರುಳಿಸುತ್ತಿದ್ದವರು.

“ಬೆಂಗಳೂರಾಗ ಒಂದು ದೊಡ್ಡ ಸಂಸ್ಥೆ ಐತಿ. ಅವರು ಡಿಗ್ರಿ ಮಾರ್ಕ್ಸು ಕೇಳಾಂಗಿಲ್ಲಂತ. ತಮ್ಮದ ಪರೀಕ್ಷಾ ಮಾಡ್ತಾರ, ಅದರಾಗ ಬಂದವ್ರನ್ನ ತಗೋತಾರ. ನಿನಗ ಇದೊಂದ ದಾರಿ ನೋಡಪಾ.”

ನಮ್ಮ ಕಡೆಯವರು ಯಾರೂ ಆ ಪರೀಕ್ಷೆ ಬರೆದಿರಲಿಲ್ಲ. ಬರೆದವರು ಯಾರೂ ಇಲ್ಲದ್ದರಿಂದ ಅದು ಹೇಗಿರುತ್ತದೆ ಎಂದು ಕೇಳಲೂ ಯಾರೂ ಇರಲಿಲ್ಲ. ಮೇಷ್ಟರು ತಮಗೆ ಗೊತ್ತಿದ್ದುದನ್ನು ಹೇಳಿಕೊಟ್ಟರು. “ಒಂದು ಪ್ರಶ್ನಿನೂ ಖಾಲಿ ಬಿಡಬ್ಯಾಡ. ಬಿಟ್ರ ಪೂರ್ತಿ ಹೋತು. ಏನರ ಒಂದು ಬರದ್ರ ಅರ್ಧ ಮಾರ್ಕರ ಬೀಳ್ತೈತಿ.” ಇದು ಅವರೊಬ್ಬರ ಮಾತಲ್ಲ. ಒಂದನೇ ಇಯತ್ತೆಯಿಂದ ಡಿಗ್ರಿಯವರೆಗೆ ನನಗೆ ಕಲಿಸಿದ ಪ್ರತಿಯೊಬ್ಬರೂ ಪರೀಕ್ಷೆಯ ಹಿಂದಿನ ದಿನ ಹೇಳಿದ್ದು ಇದನ್ನೇ. ಉತ್ತರ ಬರದಿದ್ದರೆ ಪ್ರಶ್ನೆಯನ್ನೇ ಚಂದದ ಅಕ್ಷರದಲ್ಲಿ ಬರೆದು ಬಾ ಎನ್ನುತ್ತಿದ್ದರು. ಹಾಗೆ ಬರೆದು ಪಾಸಾದವರನ್ನು ನಾನು ಬಲ್ಲೆ.

ಬೆಂಗಳೂರಿನ ಪರೀಕ್ಷೆಯಲ್ಲಿ ಬರೆಯುವುದೇ ಇರಲಿಲ್ಲ. ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿ ಎನಿಸಿದ್ದಕ್ಕೆ ಗುರುತು ಹಾಕಬೇಕು. ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಸೂಚನೆಗಳಿದ್ದವು: ಸರಿ ಉತ್ತರಕ್ಕೆ ಒಂದು ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯಲಾಗುವುದು, ಬಿಟ್ಟ ಪ್ರಶ್ನೆಗೆ ಏನೂ ಇಲ್ಲ. ನಾನು ಅದನ್ನು ಓದಲಿಲ್ಲ ಎಂದು ಬಹಳ ಜನರಿಗೆ ಹೇಳಿದ್ದೇನೆ. ಅದು ಸರಿಯಲ್ಲ. ಓದಿದೆ, ಅರ್ಥವೂ ಆಯಿತು. ನಂಬಲಿಲ್ಲ, ಅಷ್ಟೆ. ಅಚ್ಚು ಮಾಡಿದ ಎಚ್ಚರಿಕೆಗಳ ನಡುವೆಯೇ ನಾನು ಬೆಳೆದದ್ದು. ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಲ್ಲಬಾರದು ಎಂದು ಬರೆದ ಹಲಗೆಯನ್ನೇ ಹಿಡಿದುಕೊಂಡು ಜನ ಫುಟ್‌ಬೋರ್ಡಿನ ಮೇಲೆ ನಿಲ್ಲುತ್ತಿದ್ದರು. ‘ಇಲ್ಲಿ ಗೋಡೆಗೆ ಬರೆದವರ ಮೇಲೆ ಕ್ರಮ ಕೈಗೊಳ್ಳಲಾಗುವುದು’ ಎಂಬುದರ ಕೆಳಗೇ ಊರಿನ ಎಲ್ಲ ಜಾಹೀರಾತೂ ಇರುತ್ತಿತ್ತು. ಕೊಟ್ಟ ಅಂಕವನ್ನು ಯಾವ ಮಾಸ್ತರ ಕಸಿದುಕೊಳ್ಳುತ್ತಾನೆ? ಹೆದರಿಸಲು ಬರೆದಿದ್ದಾರೆ ಎಂದುಕೊಂಡು ನೂರಕ್ಕೆ ನೂರನ್ನೂ ಗುರುತು ಹಾಕಿ ಬಂದೆ. ಗೊತ್ತಿದ್ದವನ್ನು ಗೊತ್ತಿದ್ದಂತೆ, ಗೊತ್ತಿಲ್ಲದವನ್ನು ಕೈಗೆ ಬಂದಂತೆ. ಹೊರಗೆ ಬಂದಾಗ ಮೈ ಹಗುರಾಗಿತ್ತು.

ಅಂಕ ತಿಳಿಸುವ ಕಾರ್ಡು ಖಾನಾವಳಿಯ ವಿಳಾಸಕ್ಕೆ, ಸರಿಯಾಗಿ ಊಟದ ಹೊತ್ತಿಗೆ ಬಂತು. ಅಪ್ಪ ಗಲ್ಲೆಯಲ್ಲಿ ಕುಳಿತಲ್ಲಿಂದಲೇ ಕೂಗಿ ಕೇಳಿದ.

“ಏನಪಾ, ರಿಜಲ್ಟ್ ಬಂತೇನು? ಎಷ್ಟು ಬಿದ್ದಾವು?”

“ಮೈನಸ್ ಏಳು.”

“ಏಳಾ?”

“ಏಳಲ್ಲ. ಮೈನಸ್ ಏಳು. ಸೊನ್ನಿಗಿಂತ ಏಳು ಕಡಿಮಿ.”

ಉಣ್ಣುತ್ತಿದ್ದವರು ತಲೆ ಎತ್ತಿದರು. ಅವರಲ್ಲಿ ಸಂತೆಯ ದಿನ ತಪ್ಪದೆ ಬರುತ್ತಿದ್ದ ತೆಲಿಗಿಯ ಮುದುಕನೊಬ್ಬನಿದ್ದ. ನಾವೆಲ್ಲ ಅವನನ್ನು ಕಾಕಾ ಎನ್ನುತ್ತಿದ್ದೆವು.

“ಸೊನ್ನಿಗಿಂತ ಕಡಿಮಿ ಹೆಂಗಲೇ?” ಎಂದ ಕಾಕಾ. “ಸೊನ್ನಿ ಅಂದ್ರ ಏನೂ ಇಲ್ಲ. ಏನೂ ಇಲ್ಲದ್ರಾಗ ಏಳು ಎಲ್ಲಿಂದ ಕಳದ್ರು?”

“ತಪ್ಪು ಬರದ್ರ ಕಳೀತಾರ ಕಾಕಾ. ಒಂದು ತಪ್ಪಿಗೆ ಒಂದು.”

“ಹಂಗಾರ ನೀ ಪರೀಕ್ಷಾಕ್ಕ ಹೋಗದ ಮನ್ಯಾಗ ಮಲಗಿದ್ರ?”

“ಸೊನ್ನಿ.”

“ನಮ್ಮ ಎತ್ತು ಹೋಗಿಲ್ಲ. ಅಲ್ಲಿ ನೋಡು, ಗಾಡಿ ಮುಂದ ಸೊಪ್ಪಿ ಮೇಯಾಕತ್ತೈತಿ. ನಿನಗಿಂತ ಏಳು ಹೆಚ್ಚು ತಗೊಂಡೈತಲ್ಲೋ ಅದು!”

ಇಡೀ ಖಾನಾವಳಿ ನಕ್ಕಿತು. ಅಪ್ಪನೂ ನಕ್ಕ. ನನ್ನ ನೆನಪಿನಲ್ಲಿ ಅಂದಿನ ಆ ನಗು ಇನ್ನೂ ಮುಗಿದಿಲ್ಲ.

ಹೋದ ವರ್ಷ ಅಕ್ಕನನ್ನು ನೋಡಲು ಕೂಡ್ಲಿಗಿಗೆ ಹೋಗಿದ್ದೆ. ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಎತ್ತಿನ ಮಾತು ತೆಗೆದು ಅವಳನ್ನು ನಗಿಸೋಣ ಎಂದುಕೊಂಡೆ. ಅವಳು ನಗಲಿಲ್ಲ.

“ಎತ್ತಿನ ಮಾತು ಕಾಕಾ ಎಲ್ಲಿ ಅಂದ? ಅವತ್ತು ಸಂತಿನ ಇರಲಿಲ್ಲ. ನೀನ ಅಂದಿ ಅದನ್ನ.”

“ನಾನಾ?”

“ಹ್ಞೂಂ ಮತ್ತ. ಅಪ್ಪ ಆ ಕಾರ್ಡ್ ಹಿಡಕೊಂಡು ಸುಮ್ಮನ ಕುಂತುಬಿಟ್ಟಿದ್ದ. ಅದನ್ನ ನೋಡಾಕ ಆಗದ, ‘ಎತ್ತು ಸುದ್ಧಾ ನನಗಿಂತ ಹೆಚ್ಚು ತಗೊಂಡೈತಿ’ ಅಂತ ನೀನ ಅಂದಿ. ನಾ ಒಳಗ ಹಿಟ್ಟು ನಾದಾಕತ್ತಿದ್ದೆ, ಕೇಳಿಸ್ತು. ಯಾರೂ ನಗಲಿಲ್ಲ.”

ಎರಡು ನೆನಪುಗಳಲ್ಲಿ ಯಾವುದು ನಿಜ ಎಂದು ನಿರ್ಧರಿಸಲು ಈಗ ಮೂರನೆಯವರಿಲ್ಲ. ಅಪ್ಪ ಇಲ್ಲ, ಕಾಕಾ ಇಲ್ಲ, ಕಾರ್ಡೂ ಇಲ್ಲ. ಏಳು ಎಂಬ ಸಂಖ್ಯೆಯ ಬಗ್ಗೆಯೂ ಪ್ರಮಾಣ ಮಾಡಲಾರೆ. ಒಂದೆರಡು ಕಡೆ ಹನ್ನೊಂದು ಎಂದೂ ಹೇಳಿದ ನೆನಪು. ಲೆಕ್ಕ ಹಾಕಿದರೆ ನೂರಕ್ಕೆ ನೂರೂ ಗುರುತು ಹಾಕಿದವನಿಗೆ ಬೆಸಸಂಖ್ಯೆ ಬರುವಂತೆಯೇ ಇಲ್ಲ, ಎರಡೂ ತಪ್ಪಿರಬೇಕು. ನಗಬೇಕಾದವರು ನಗದೇ ಹೋದ ದಿನವನ್ನು ನೆನೆದುಕೊಳ್ಳುವುದಕ್ಕಿಂತ ಎಲ್ಲರೂ ನಕ್ಕ ದಿನವನ್ನು ನೆನೆದುಕೊಳ್ಳುವುದು ಸುಲಭ. ಅದಷ್ಟೇ ಗೊತ್ತು.

ಅಂಕ ಬಂದ ಮೇಲೆ ಆ ಕಾರ್ಡು ತೆಗೆದುಕೊಂಡು ಕೊಟ್ಟೂರಿಗೆ ಹೋದೆ. ಮೇಷ್ಟರು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಪ್ರಶ್ನೆಪತ್ರಿಕೆ ನನ್ನ ಹತ್ತಿರವಿತ್ತು. ಚಾಪೆಯ ಮೇಲೆ ಕುಳಿತು ಒಂದೊಂದೇ ಪ್ರಶ್ನೆ ಓದಿ, ಇದು ಗೊತ್ತಿತ್ತೋ ಸುಮ್ಮನೆ ಹಾಕಿದೆಯೋ ಎಂದು ಕೇಳುತ್ತ ಪೆನ್ಸಿಲಿನಿಂದ ಗೀಟು ಎಳೆಯುತ್ತ ಹೋದರು. ಮುಗಿದ ಮೇಲೆ ಆ ಗೀಟುಗಳನ್ನು ಎಣಿಸಿದರು.

“ಗೊತ್ತಿದ್ದವು ಅಷ್ಟ ಬರದು ಉಳಿದವು ಬಿಟ್ಟು ಬಂದಿದ್ರ ನಿನಗ ಸೀಟು ಸಿಗತಿತ್ತಪಾ.”

ಗೊತ್ತಿದ್ದದ್ದನ್ನೆಲ್ಲ ಗೊತ್ತಿಲ್ಲದ್ದು ತಿಂದುಹಾಕಿತ್ತು.

“ಬಿಡಬ್ಯಾಡ ಅಂತ ನಾನ ಹೇಳಿದ್ದೆ,” ಎಂದರು ಮೇಷ್ಟರು. ಆಮೇಲೆ ಎದ್ದು ಸ್ಟೋವಿಗೆ ಗಾಳಿ ಹೊಡೆದು ಚಹಾ ಇಟ್ಟರು. ಬೆನ್ನು ತಿರುಗಿಸಿಕೊಂಡೇ ಹೇಳಿದರು: “ಬರೋ ವರ್ಷ ಮತ್ತ ಬರಿ. ಗಣಿತ ನಿನಗ ಬರತೈತಿ. ಬಿಡೋದು ಕಲೀಬೇಕು ನೀನು. ಮಗ್ಗಿ ಕಲಿತಂಗ ಕಲೀಬೇಕು. ಕೈ ತಾನಾಗೇ ನಿಲ್ಲಬೇಕು.”

ಆ ವರ್ಷವೇ ಅವರಿಗೆ ದೂರದ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತು, ಹೊರಟುಹೋದರು. ನನ್ನ ಜೊತೆ ಓದಿದವರಲ್ಲಿ ಒಬ್ಬ ಹಗರಿಬೊಮ್ಮನಹಳ್ಳಿಯಲ್ಲಿ ಬ್ಯಾಂಕು ಸೇರಿದ, ಇನ್ನೊಬ್ಬ ಬಿ.ಎಡ್. ಮಾಡಲು ಹೋದ. ಊರಿನಲ್ಲಿ ಫೇಲಾದ ಹುಡುಗರಿದ್ದರು. ಅವರದೊಂದು ಗುಂಪು, ಅವರದೊಂದು ಚಹಾದಂಗಡಿ, ಸಂಜೆ ಟೂರಿಂಗ್ ಟಾಕೀಸಿನ ಟೆಂಟಿನ ಬಳಿ ಅವರದೊಂದು ಕಟ್ಟೆ ಇತ್ತು. ನಾನು ಆ ಗುಂಪಿನವನೂ ಅಲ್ಲ, ಡಿಗ್ರಿ ಆದವನು. ಕಟ್ಟೆಯ ಮೇಲೆ ಹೋಗಿ ಕುಳಿತರೆ “ಬರ್ರಿ ಬೀಯೆಸ್ಸಿ” ಎಂದು ಸರಿದು ಜಾಗ ಕೊಡುತ್ತಿದ್ದರು. ಅಷ್ಟು ಗೌರವದಿಂದ ಜಾಗ ಕೊಟ್ಟ ಮೇಲೆ ಅಲ್ಲಿ ಕೂರಲಾಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತು ಅಪ್ಪ ಒಳಗೆ ಹೋಗಿ ಅಡ್ಡಾಗುತ್ತಿದ್ದ, ನಾನು ಗಲ್ಲೆಯಲ್ಲಿ ಕುಳಿತು ಲೆಕ್ಕ ಬಿಡಿಸುತ್ತಿದ್ದೆ. ಗಣಿತ ಬರುತ್ತಿತ್ತು. ಬಿಡುವುದು ಬರುತ್ತಿರಲಿಲ್ಲ. ಹಳೆಯ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಹಾಕಿಕೊಂಡು ಕುಳಿತರೂ ಉತ್ತರ ಗೊತ್ತಿಲ್ಲದ ಕಡೆ ಕೈ ಹೋಗೇ ಹೋಗುತ್ತಿತ್ತು, ಏನಾದರೂ ಒಂದಕ್ಕೆ ಗುರುತು ಹಾಕಿದ ಮೇಲೇ ಸಮಾಧಾನ. ಆಗ ನನಗೊಂದು ವಿಚಾರ ಹೊಳೆಯಿತು. ಕಾಗದದ ಮೇಲೆ ಕಲಿಯಲಾಗದ್ದನ್ನು ಬಾಯಲ್ಲಿ ಕಲಿಯಬೇಕು. ಯಾರು ಏನು ಕೇಳಿದರೂ, ಖಂಡಿತ ಗೊತ್ತಿದ್ದರೆ ಮಾತ್ರ ಹೇಳುವುದು, ಇಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನುವುದು.

ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನಮ್ಮ ಊರಲ್ಲಿ ಯಾರೂ ಗೊತ್ತಿಲ್ಲ ಅನ್ನುತ್ತಿರಲಿಲ್ಲ. ಹಡಗಲಿ ಬಸ್ಸು ಹೋಯಿತೇ ಎಂದು ಯಾರನ್ನಾದರೂ ಕೇಳಿ. ಆಗಷ್ಟೇ ನಿದ್ದೆಯಿಂದ ಎದ್ದವನೂ “ಈಗ ಬರ್ತೈತಿ ಕುಂದರ್ರಿ” ಎನ್ನುತ್ತಿದ್ದ. ತಹಶೀಲ್ದಾರರು ಕಚೇರಿಯಲ್ಲಿದ್ದಾರೆಯೇ ಎಂದರೆ “ಅದಾರ, ಹೋಗ್ರಿ.” ಈ ಸಲ ಮಳೆ ಹೇಗೆ ಎಂದರೆ ಚಹಾ ತರುವವನೂ ಒಂದು ಮಾತು ಹೇಳುತ್ತಿದ್ದ. ಅಪ್ಪನಂತೂ ಈ ವಿಷಯದಲ್ಲಿ ಉದಾರಿ. ಉಣ್ಣಲು ಬಂದವನು ಏನು ಕೇಳಿದರೂ ಉತ್ತರ ಬಡಿಸುತ್ತಿದ್ದ, ರೊಟ್ಟಿಯ ಜೊತೆ ಪಲ್ಯ ಬಡಿಸಿದಂತೆ.

ನಾನು ಶುರುಮಾಡಿದೆ.

“ಏನಪಾ, ದಾವಣಗೆರಿ ಬಸ್ ಹೋತೇನು?”

“ಗೊತ್ತಿಲ್ರಿ.”

“ಅಲ್ಲಲೇ, ಬಸ್ ಸ್ಟ್ಯಾಂಡಿನ ಮಾರಿ ನೋಡಕೊಂಡ ಕುಂತೀದಿ. ಗೊತ್ತಿಲ್ಲ ಅಂತೀಯಲ್ಲ!”

“ಪುಸ್ತಕ ನೋಡಾಕತ್ತಿದ್ದೆ. ಬಸ್ಸು ನೋಡಿಲ್ರಿ.”

“ನೋಡಿಲ್ಲಂದ್ರ ಬರ್ತೈತಿ ಅನ್ನು. ನಾ ನೆಮ್ಮದಿಲೆ ಎರಡು ರೊಟ್ಟಿ ತಿಂತೀನಿ.”

“ಬರ್ದಿದ್ರ?”

“ಬರ್ದಿದ್ರ ಇನ್ನೊಂದು ರೊಟ್ಟಿ ತಿಂತೀನಿ. ನಿನಗೇನು ಲುಕ್ಸಾನು?”

ಮೊದಮೊದಲು ನಕ್ಕರು. ಆಮೇಲೆ ‘ಗೊತ್ತಿಲ್ಲಪ್ಪ’ ಎಂದು ಅಡ್ಡಹೆಸರಿಟ್ಟರು. “ಗೊತ್ತಿಲ್ಲಪ್ಪಾರ, ಚಟ್ನಿ ಐತೇನ್ರಿ ಇಲ್ಲ ಅದೂ ಗೊತ್ತಿಲ್ಲೋ?” ಎಂದು ಕೂಗುತ್ತಿದ್ದರು. ಅದೂ ಸ್ವಲ್ಪ ದಿನ. ನಂತರ ಕೇಳುವುದನ್ನೇ ಬಿಟ್ಟರು. ಅಪ್ಪ ಗಲ್ಲೆಯಲ್ಲಿದ್ದಾಗ ಬಾಗಿಲ ಹತ್ತಿರದ ಮೇಜು ತುಂಬುತ್ತಿತ್ತು, ನಾನು ಕುಳಿತಾಗ ಜನ ಒಳಗಿನ ಮೇಜಿಗೆ ಹೋಗುತ್ತಿದ್ದರು. ಅಥವಾ ಬಿಸಿಲಿಗೆ ಹೆದರಿ ಹೋಗುತ್ತಿದ್ದರೋ ಏನೋ. ಬಾಗಿಲ ಬಳಿ ಮಧ್ಯಾಹ್ನ ಬಿಸಿಲು ಬರುತ್ತಿತ್ತು, ಒಳಗೆ ನೆರಳು. ಇಷ್ಟು ವರ್ಷ ನಾನು ಅದನ್ನು ನನ್ನ ಕಾರಣಕ್ಕೇ ಎಂದು ತಿಳಿದಿದ್ದೇನೆ.

ಒಳಗೊಳಗೆ ನನಗೆ ಹೆಮ್ಮೆಯೂ ಇತ್ತು. ಈ ಊರಿನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವನು ನಾನೊಬ್ಬನೇ ಎಂಬ ಹೆಮ್ಮೆ. ಆದರೆ ಸಂಜೆ ಕೆರೆ ಏರಿಯ ಮೇಲೆ ಒಬ್ಬನೇ ನಡೆಯುವಾಗ ಆ ಹೆಮ್ಮೆ ಜೊತೆಗೆ ಬರುತ್ತಿರಲಿಲ್ಲ. ಎದುರಾದವರು “ಏನು, ಅಡ್ಡಾಡಾಕ ಹೊಂಟೀರೇನು?” ಎಂದಾಗ ಅದಕ್ಕಾದರೂ ಹೌದು ಎನ್ನಬಹುದಿತ್ತು. ಆ ಮಾತಿನ ಅಭ್ಯಾಸ ತಪ್ಪಿಹೋಗಿ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡುತ್ತಿದ್ದೆ. ದನಗಳು ನೀರು ಕುಡಿದು ಊರ ಕಡೆ ತಿರುಗುವಾಗ ಧೂಳೆದ್ದು, ಆ ಧೂಳಿನಲ್ಲಿ ಯಾರೋ ಯಾರನ್ನೋ ಕರೆಯುವುದು ಕೇಳುತ್ತಿತ್ತು. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ನಾನು ಆಡಿದ್ದು ‘ಗೊತ್ತಿಲ್ಲ’ ಎಂಬ ಒಂದೇ ಶಬ್ದ.

ಮುಂದಿನ ಪರೀಕ್ಷೆ ಹತ್ತಿರ ಬಂತು. ಒಂದು ದಿನ ಊಟದ ಗದ್ದಲ ಮುಗಿದ ಮೇಲೆ ಅಪ್ಪ ಒಳಗೆ ಮಲಗಲು ಹೋಗದೆ ನನ್ನ ಎದುರಿಗೆ ಬೆಂಚಿನ ಮೇಲೆ ಕುಳಿತ. ಹೆಗಲ ಮೇಲಿನ ಟವೆಲ್ಲಿನಿಂದ ಮೇಜು ಒರೆಸಿದ. ಮೇಜನ್ನು ಆಗಲೇ ಒರೆಸಿಯಾಗಿತ್ತು.

“ಈ ಸಲ ಸೀಟು ಸಿಗತೈತಲ್ಲಪಾ?”

ನನಗೆ ಆ ಪ್ರಶ್ನೆ ಚೆನ್ನಾಗಿ ನೆನಪಿದೆ. ಅದರಲ್ಲಿ ಉತ್ತರವೂ ಇತ್ತು. ಹೌದು ಎಂದಿದ್ದರೆ ಸಾಕಿತ್ತು. ಅವನು ಎದ್ದು ಹೋಗಿ ಮಲಗುತ್ತಿದ್ದ.

“ಗೊತ್ತಿಲ್ಲ,” ಎಂದೆ.

ಅಪ್ಪ ತಲೆ ಆಡಿಸಿದ. “ಹ್ಞೂಂ. ಅದೂ ಖರೇನ ಬಿಡು,” ಎಂದು ಎದ್ದ. ಅಂದು ಅವನು ಮಲಗಲಿಲ್ಲ, ಹಂಡೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಅಪ್ಪ ನನ್ನ ಹತ್ತಿರ ಮಾಹಿತಿ ಕೇಳಲು ಬಂದಿರಲಿಲ್ಲ, ಸ್ವಲ್ಪ ಹೊತ್ತು ಕುಳಿತುಕೊಳ್ಳಲು ಬಂದಿದ್ದ. ಬಸ್ಸಿನ ಬಗ್ಗೆ ಕೇಳಿದವರಲ್ಲೂ ಎಷ್ಟೋ ಜನ ಹಾಗೆಯೇ ಬಂದವರಿರಬೇಕು.

ಕೂಡ್ಲಿಗಿಯಲ್ಲಿ ಅಕ್ಕನನ್ನು ಇದರ ಬಗ್ಗೆಯೂ ಕೇಳಿದೆ. ಆ ವರ್ಷ ಊರಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ, ಎಷ್ಟು ಕಷ್ಟವಾಗಿತ್ತು ಎಂದೆ.

“ಯಾರು ಮಾತಾಡಸಲಿಲ್ಲ? ಎಲ್ಲಾರೂ ಮಾತಾಡಸ್ತಿದ್ರು. ನಾನೂ ಮಾತಾಡಸ್ತಿದ್ದೆ. ‘ತಮ್ಮಾ, ಪಲ್ಯಾಕ ಉಪ್ಪು ಸಾಕಾಗೈತೇನು ನೋಡು’ ಅಂದ್ರ ಬಾಯಾಗ ಹಾಕ್ಕೊಂಡು, ನುಂಗಿ, ‘ಗೊತ್ತಿಲ್ಲ’ ಅಂದಿದ್ದಿ. ಅಂಥಾವನ ಮಗ್ಗುಲ ಯಾರು ಕುಂದರ್ತಾರ?”

ಆ ವರ್ಷವನ್ನು ನಾನು ಒಂಟಿತನದ ವರ್ಷ ಎಂದೇ ಕರೆದುಕೊಂಡು ಬಂದಿದ್ದೇನೆ. ಒಂಟಿಯಾಗಿದ್ದೆ, ಅದರಲ್ಲಿ ಅನುಮಾನವಿಲ್ಲ. ಬಾಗಿಲು ಹಾಕಿದ್ದು ಒಳಗಿನಿಂದಲೋ ಹೊರಗಿನಿಂದಲೋ, ಅದರಲ್ಲಿದೆ ಅನುಮಾನ.

ಬೆಂಗಳೂರಿನಲ್ಲಿ ಹಿಂದಿನ ವರ್ಷದ ಅದೇ ಪರೀಕ್ಷಾ ಹಾಲ್, ಎತ್ತರದ ಕಿಟಕಿಗಳು, ಸದ್ದು ಮಾಡದ ಫ್ಯಾನು. ಸುತ್ತ ಕುಳಿತವರು ಪರೀಕ್ಷೆಗೆ ಮುಂಚೆ ಇಂಗ್ಲಿಷಿನಲ್ಲಿ ನಗುತ್ತಿದ್ದರು. ನಾನು ಹಿಂದಿನ ದಿನ ದಾವಣಗೆರೆಯಲ್ಲಿ ಟಿಕೆಟ್ ಕೇಳಿದ ಮೇಲೆ ಯಾರೊಡನೆಯೂ ಮಾತಾಡಿರಲಿಲ್ಲ. ಪತ್ರಿಕೆ ಕೈಗೆ ಬಂತು. ಗೊತ್ತಿದ್ದವಕ್ಕೆ ಗುರುತು ಹಾಕಿದೆ. ಗೊತ್ತಿಲ್ಲದವನ್ನು ಬಿಟ್ಟೆ. ಬಿಡುತ್ತ ಹೋದಂತೆ ಉತ್ತರದ ಹಾಳೆಯಲ್ಲಿ ಖಾಲಿ ಜಾಗಗಳು ಬಾಯಿ ತೆರೆದವು. ಒಂದು ಪ್ರಶ್ನೆಯಲ್ಲಿ ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡೆ. ಅರ್ಧ ಗೊತ್ತಿತ್ತು, ಅದನ್ನೂ ಬಿಟ್ಟೆ. ಅದು ಯಾವ ಪ್ರಶ್ನೆ ಎಂದೂ ನಾನು ತರಗತಿಗಳಲ್ಲಿ ಬಿಡಿಸಿ ತೋರಿಸಿದ್ದೇನೆ. ಈಗ ನೋಡಿದರೆ ಅದೇ ಪ್ರಶ್ನೆ ಎಷ್ಟೋ ಪುಸ್ತಕಗಳಲ್ಲಿದೆ, ಅಲ್ಲಿಂದ ಬಂದು ನನ್ನ ನೆನಪಿನಲ್ಲಿ ಕುಳಿತಿರಬಹುದು.

ಹೊತ್ತು ಉಳಿಯಿತು. ಮೇಲ್ವಿಚಾರಕರು ನನ್ನ ಪಕ್ಕ ಬಂದು ನಿಂತರು. ವಯಸ್ಸಾದವರು, ಕೋಟು ಹಾಕಿದ್ದರು. ನನ್ನ ಹಾಳೆ ನೋಡಿ ಅವರಿಗೆ ಅಯ್ಯೋ ಅನಿಸಿರಬೇಕು.

“ಇನ್ನೂ ಟೈಮ್ ಇದೆಯಪ್ಪ,” ಎಂದರು ಮೆಲ್ಲಗೆ. “ಯಾಕೆ ಸುಮ್ಮನೆ ಕೂತಿದೀಯ? ಏನಾದರೂ ಹಾಕು.”

ಅದು ಒಂದನೇ ಇಯತ್ತೆಯಿಂದ ಕೇಳಿಕೊಂಡು ಬಂದ ಮಾತು, ಅಷ್ಟೇ ಪ್ರೀತಿಯಿಂದ ಹೇಳಿದ್ದು. ಕೈ ಮೇಲೆದ್ದಿತು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕುಳಿತೆ. ಗಂಟೆ ಹೊಡೆಯುವ ತನಕ ಹಾಗೆಯೇ ಇದ್ದೆ.

ಈ ಸಲ ಕಾರ್ಡಿನ ಬದಲು ಲಕೋಟೆ ಬಂತು. ಅಂಕ ಮೂವತ್ತೆಂಟು, ಸೀಟು ಕೊಡಲಾಗಿದೆ, ಇಂಥ ದಿನದೊಳಗೆ ಬಂದು ಸೇರಬೇಕು ಎಂದಿತ್ತು. ಇದೂ ಊಟದ ಹೊತ್ತು. ಅಪ್ಪ ಗಲ್ಲೆಯಿಂದ ನನ್ನ ಮುಖ ನೋಡಿದ, ಕೂಗಲಿಲ್ಲ. ಕೂಗಿದ್ದು ಕಾಕಾ. ಅವತ್ತು ಸಂತೆ ಇತ್ತು, ಇದನ್ನು ಅಕ್ಕನೂ ಒಪ್ಪುತ್ತಾಳೆ.

“ಏನ್ ಗೊತ್ತಿಲ್ಲಪ್ಪಾರ, ಈ ಸಲ ಎಷ್ಟು? ಎತ್ತು ದಾಟಿದ್ರೋ ಇಲ್ಲೋ?”

ಎತ್ತಿನ ಮಾತು ಅಷ್ಟು ದಿನವಾದರೂ ಅವನ ಬಾಯಲ್ಲಿತ್ತು. ಮೊದಲು ಆಡಿದವರು ಯಾರಾದರೇನು.

“ಮೂವತ್ತೆಂಟು.”

“ನೂರಕ್ಕ?”

“ನೂರಕ್ಕ.”

ಮೂವತ್ತೈದಕ್ಕೆ ಪಾಸು ಮಾಡುವ ಊರು ನಮ್ಮದು. ಕಾಕಾ ತಟ್ಟೆಯಿಂದ ಕೈ ತೆಗೆದು, “ಹೋಗ್ಲಿ ಬಿಡೋ ತಮ್ಮಾ,” ಎಂದ, ಈಗ ತಮಾಷೆಯಿಲ್ಲದೆ. “ಪಾಸ್ ಆಗೈತಲ್ಲ. ಮೂರು ಹೆಚ್ಚ ಬಿದ್ದಾವು. ಎಲ್ಲಾರಿಗೂ ಎಲ್ಲಿ ಫಸ್ಟ್ ಕ್ಲಾಸ್ ಬರತೈತಿ?”

“ಸೀಟು ಸಿಕ್ಕೈತಿ ಕಾಕಾ. ಆ ಪರೀಕ್ಷಾದಾಗ ಮೂವತ್ತೆಂಟು ಅಂದ್ರ ಬಾಳ ಚಲೋ.”

“ಚಲೋನ, ಚಲೋನ. ಯಾರು ಇಲ್ಲ ಅಂದ್ರು?” ಎಂದ ಕಾಕಾ, ಅಪ್ಪನ ಕಡೆ ಕಣ್ಣು ಹಾಯಿಸುತ್ತ. ಅವನ ಪಕ್ಕದಲ್ಲಿದ್ದವನು, “ಬ್ಯಾರೆ ಪರೀಕ್ಷಾನೂ ಇರ್ತಾವ ತಗೋ,” ಎಂದು ಸಮಾಧಾನ ಮಾಡಿದ.

ನಾನು ಅಪ್ಪನ ಹತ್ತಿರ ಹೋಗಿ ಲಕೋಟೆ ಕೊಟ್ಟೆ. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಅಂಕಿಯ ಮೇಲೆ ಬೆರಳಿಟ್ಟು, “ಖರೇನ ಸಿಕ್ಕೈತೇನು?” ಎಂದ. ಸಿಕ್ಕೈತಿ ಎಂದೆ. “ಇಷ್ಟಕ್ಕ?” ಎಂದ. ಇಷ್ಟಕ್ಕೇ ಎಂದೆ. ನಂಬಿದ ಎಂದು ನನಗೆ ಅನಿಸುತ್ತದೆ. ಆದರೆ ಮೂವತ್ತೆಂಟಕ್ಕೆ ಸಕ್ಕರೆ ಹಂಚುವುದು ಹೇಗೆ? ತೆಗೆದುಕೊಂಡವರು ಎಷ್ಟು ಬಿದ್ದವು ಎಂದು ಕೇಳುತ್ತಾರೆ, ಹೇಳಿದರೆ ಸಕ್ಕರೆ ಬಾಯಲ್ಲೇ ನಿಲ್ಲುತ್ತದೆ. ಅಪ್ಪ ಬಹಳ ಹೊತ್ತು ಯೋಚಿಸಿ, ಒಳಗೆ ಹೋಗಿ, ಆ ದಿನ ಉಂಡವರಿಗೆಲ್ಲ ಒಂದೊಂದು ಸೌಟು ಮೊಸರು ಹೆಚ್ಚಿಗೆ ಹಾಕಿಸಿದ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ನನಗೆ ಬೇಕಾಗಿದ್ದ ಒಂದೇ ಒಂದು ಸಂಗತಿ ಆಗಿತ್ತು. ಅದನ್ನು ಹಂಚಿಕೊಳ್ಳಬಲ್ಲವರು ಮೇಷ್ಟರ ಹೊರತು ಯಾರೂ ಇರಲಿಲ್ಲ, ಅವರ ಹೊಸ ವಿಳಾಸ ನನ್ನ ಹತ್ತಿರ ಇರಲಿಲ್ಲ. ಮೈನಸ್ ಬಂದ ದಿನಕ್ಕಿಂತ ಹೆಚ್ಚಿನ ಒಂಟಿತನ ಆ ಮಧ್ಯಾಹ್ನ ಇತ್ತು. ಸೋತದ್ದಕ್ಕೆ ಮರುಗುವವರು ಸಿಗುತ್ತಾರೆ. ಗೆದ್ದದ್ದಕ್ಕೇ ಮರುಗಿದರೆ ಏನು ಮಾಡುವುದು ಎಂದು ತಿಳಿಯಲಿಲ್ಲ.

ಹೊರಡುವ ದಿನ ಅಪ್ಪ ಗಲ್ಲೆ ಬಿಟ್ಟು ಬರುವಂತಿರಲಿಲ್ಲ, ಊಟದ ಹೊತ್ತು. ಕೈ ಎತ್ತಿದ, ನಾನೂ ಎತ್ತಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಬಸ್ಸಿನವರೆಗೆ ಬಂದು ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕಿಟಕಿಯಿಂದ ಕೊಟ್ಟಳು. ಬಸ್ಸು ಶುರುವಾಗಿತ್ತು, ಅವಳು ಸದ್ದಿನ ಮೇಲೆ ಕೂಗಬೇಕಾಯಿತು.

“ತಮ್ಮಾ, ಅಲ್ಲಿ ಇರೋರೆಲ್ಲಾರೂ ನಿನ್ನಂಗ ಕಡಿಮಿ ಮಾರ್ಕ್ಸ್ ತಗೊಂಡವ್ರ ಏನೋ?”

ಯಾರಿಗೆ ಎಷ್ಟು ಬಂದಿತ್ತು ಎಂದು ನನಗೆ ಗೊತ್ತಿರಲಿಲ್ಲ.

“ಹೌದಕ್ಕ,” ಎಂದೆ. “ಎಲ್ಲಾರೂ.”

“ಹಂಗಾರ ಚಲೋ ಆತು ಬಿಡು,” ಎಂದಳು ಅಕ್ಕ, ಮುಖ ಸಡಿಲಾಗಿ. “ನಿನಗ ಜೊತಿ ಆಗ್ತೈತಿ.”

ಈ ಮಾತನ್ನು ಅವಳು ಆಡಿದ್ದು ನನಗೆ ನೆನಪಿದೆ. ಕೂಡ್ಲಿಗಿಗೆ ಹೋದಾಗ ಉಳಿದೆಲ್ಲವನ್ನೂ ಕೇಳಿದೆ, ಇದನ್ನೊಂದು ಕೇಳಲಿಲ್ಲ.